ಜಯಕರನ ಕೈಯ ಮೇಣ

ಜಯಕರನಿಗೆ ಎಂಜಲೆಂದರೆ ಹೊಟ್ಟೆ ತೊಳಸುತ್ತಿತ್ತು. ತಾಯಿ ಸರೋಜಿನಿ ಆ ಹೇಸಿಗೆಯನ್ನು ಅನ್ನದ ಜೊತೆಗೇ ಕಲಸಿ ಉಣ್ಣಿಸಿದ್ದರು. ಮಣಿಪಾಲದ ಕ್ವಾರ್ಟರ್ಸಿನಲ್ಲಿ ನೀರಿನ ಲೋಟ ತುಟಿಗೆ ತಾಗುವಂತಿರಲಿಲ್ಲ. ಹಾಳೆ ಮಗುಚಲು ಬೆರಳಿಗೆ ನಾಲಿಗೆ ಮುಟ್ಟಿಸಿದರೆ ಪುಸ್ತಕ ಕೈಬಿಟ್ಟು ಹೋಗುತ್ತಿತ್ತು, ಬೆರಳು ನಲ್ಲಿಯ ಕೆಳಗೆ ಹೋಗುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವನು ಹನ್ನೊಂದು ವರ್ಷ ಉಗುಳಿನ ನಡುವೆ ದುಡಿದ.

ಬೇಸ್‌ಬಾಲ್ ಆಡುವವರು ಉಗುಳುತ್ತಾರೆ. ಹೊಡೆಯುವ ಮೊದಲು, ಓಡಿದ ಮೇಲೆ, ಸುಮ್ಮನೆ ಕೂತಾಗಲೂ ಉಗುಳುತ್ತಾರೆ. ಮಲಯ ನಾಡಿನ ಕ್ಲಾಂಗ್ ಕ್ರೇನ್ಸ್ ತಂಡದ ಬೆಂಚಿನ ಕೆಳಗೆ ಕುವಾಚಿ ಎಂದು ಇಲ್ಲಿನವರು ಕರೆಯುವ ಸೂರ್ಯಕಾಂತಿ ಬೀಜದ ಸಿಪ್ಪೆ ಬೂಟು ಹೂತುಹೋಗುವಷ್ಟು ಬಿದ್ದಿರುತ್ತಿತ್ತು. ಒಂದೊಂದೂ ಯಾರದೋ ಬಾಯಿಂದ ಒದ್ದೆಯಾಗಿ ಬಂದದ್ದು. ಚೆಂಡು ಎಸೆಯುವವರು ಬೆರಳು ನೆಕ್ಕಿ, ಪ್ಯಾಂಟಿಗೆ ಸವರಿ, ಚೆಂಡು ಹಿಡಿಯುತ್ತಿದ್ದರು. ಅದೇ ಚೆಂಡು ಆಮೇಲೆ ಜಯಕರನ ಕೈಗೆ. ಅವನು ಹಿಂದಿನ ಕಿಸೆಯಲ್ಲಿ ಒದ್ದೆ ಟಿಶ್ಯೂ ಇಟ್ಟುಕೊಂಡಿರುತ್ತಿದ್ದ. ಆಟ ಮುಗಿದು ಎರಡೂ ತಂಡದವರು ಸಾಲಾಗಿ ಕೈಕುಲುಕಿದ ಮೇಲೆ ಒಂದು ಬದಿಗೆ ಸರಿದು, ಬೆರಳಿನ ಸಂದುಸಂದನ್ನೂ ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದ. ತಂಡದವರು ಅವನಿಗೆ ‘ಡಾಕ್ಟರ್’ ಎಂದು ಹೆಸರಿಟ್ಟರು.

ಅಪ್ಪ ರಮಾನಂದರಿಗೆ ಮಗ ನಿಜವಾದ ಡಾಕ್ಟರ್ ಆಗಬೇಕಿತ್ತು. ಅವರು ಮಣಿಪಾಲ ಬಿಟ್ಟು ಕಡಲಾಚೆಯ ನಿಲಾಯಿಯ ಕಡೆಯ ಕಾಲೇಜೊಂದಕ್ಕೆ ಅಂಗರಚನಾಶಾಸ್ತ್ರ ಕಲಿಸಲು ಬಂದಾಗ ಜಯಕರನಿಗೆ ಹನ್ನೊಂದು ವರ್ಷ. ಹೊಸ ಶಾಲೆಯಲ್ಲಿ ಕ್ರಿಕೆಟ್ ಇರಲಿಲ್ಲ, ಸಾಫ್ಟ್‌ಬಾಲ್ ಇತ್ತು. ಬೌಂಡರಿ ಗೆರೆಯಿಂದ ಕೀಪರನ ಕೈಗೆ ಎಸೆದು ಪಳಗಿದ ತೋಳನ್ನು ಆಟದ ಮೇಷ್ಟ್ರು ಮೊದಲ ವಾರವೇ ಗುರುತಿಸಿದರು. ಸಾಫ್ಟ್‌ಬಾಲಿನಿಂದ ಬೇಸ್‌ಬಾಲಿಗೆ, ಕಾಲೇಜಿನಿಂದ ಕ್ಲಬ್ಬಿಗೆ ಬಂದ. ಆರು ತಂಡಗಳ ಜಲಸಂಧಿ ಲೀಗ್ ಶುರುವಾದಾಗ ಸಂಬಳದ ಆಟಗಾರನಾದ. ರಮಾನಂದರು ಮಗನ ಹೆಗಲನ್ನು ಒತ್ತಿ ನೋಡಿ, “ಈ ಕೀಲು ಇದಕ್ಕೆಲ್ಲ ಮಾಡಿದ್ದಲ್ಲ ಮಾರಾಯ, ಒಂದು ದಿನ ಇದು ನಿನ್ನ ಹತ್ರ ಜಗಳಕ್ಕೆ ಬರ್ತದೆ,” ಎಂದು ಮಾತ್ರ ಹೇಳಿದ್ದರು. ಅವರು ತೀರಿಕೊಂಡು ಐದು ವರ್ಷವಾಯಿತು. ಹೆಗಲು ಜಗಳ ಶುರುಮಾಡಿ ಆರು.

ಜಯಕರನದು ರಿಲೀಫ್ ಪಿಚರ್‌ನ ಕೆಲಸ. ಮೊದಲು ಎಸೆಯುವವನಿಗೆ ಹೆಸರಿರುತ್ತದೆ, ಗೋಡೆಯ ಮೇಲೆ ಚಿತ್ರವಿರುತ್ತದೆ. ಅವನು ಸುಸ್ತಾದಾಗ, ಇಲ್ಲವೇ ಸಿಕ್ಕಾಪಟ್ಟೆ ಹೊಡೆಸಿಕೊಂಡಾಗ, ಮಧ್ಯದಲ್ಲಿ ಬಂದು ಉಳಿದದ್ದನ್ನು ಮುಗಿಸುವವನು ರಿಲೀಫ್ ಪಿಚರ್. ಒಬ್ಬ ಉಂಡು ಎದ್ದ ಎಲೆಯನ್ನು ಇನ್ನೊಬ್ಬ ಎತ್ತಿದ ಹಾಗೆ. ಅದೂ ಎತ್ತಲು ಕರೆದರೆ ತಾನೆ! ಬೇಲಿಯ ಹಿಂದೆ ಬುಲ್‌ಪೆನ್ ಎಂಬ ತಗಡಿನ ಮಾಡಿನ ಜಾಗ. ಅಲ್ಲಿ ಒಂದು ಫೋನು. ಅದು ಹೊಡೆದುಕೊಂಡರೆ ಎದ್ದು, ತೋಳು ಬಿಸಿಯಾಗಲು ಇಪ್ಪತ್ತು ಮೂವತ್ತು ಚೆಂಡು ಎಸೆಯಬೇಕು. ಅಷ್ಟರಲ್ಲಿ ಮೈದಾನದಲ್ಲಿ ಆಟ ತಿರುಗಿ, “ಬೇಡ, ಕೂತ್ಕೊ,” ಎಂದು ಇನ್ನೊಂದು ಫೋನು. ಅರ್ಧ ಗಂಟೆಗೆ ಮತ್ತೆ ಏಳು, ಮತ್ತೆ ಎಸೆ, ಮತ್ತೆ ಕೂರು. ಹನ್ನೊಂದು ವರ್ಷದಲ್ಲಿ ಅವನ ತೋಳನ್ನು ತಿಂದದ್ದು ಜನ ನೋಡಿದ ಎಸೆತಗಳಲ್ಲ. ಬೇಲಿಯ ಹಿಂದೆ, ಕ್ಲಾಂಗ್ ಬಂದರಿನ ಕ್ರೇನುಗಳು ಮಾತ್ರ ಕತ್ತು ಚಾಚಿ ನೋಡಿದ, ಯಾವ ದಾಖಲೆಗೂ ಸೇರದ ಎಸೆತಗಳು. ನಾಲ್ಕು ಸಲ ಕುದಿಸಿ ಯಾರೂ ಬಡಿಸಿಕೊಳ್ಳದ ಸಾರಿನಂತೆ ಅವನು ಮನೆಗೆ ಹೋಗುತ್ತಿದ್ದ. ಆದರೂ ಈ ಆಟ ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಬೇರೇನೂ ಬೇಕೆಂದೂ ಅನಿಸಿರಲಿಲ್ಲ.

ಮೂವತ್ತಾರನೇ ವಯಸ್ಸಿನಲ್ಲಿ ವೇಗ ಹೋಯಿತು. ಏಪ್ರಿಲ್‌ನಲ್ಲಿ ಕೋಚ್ ಲಿಮ್ ಕರೆದು ಕೂರಿಸಿದ. ಲಿಮ್ ಕ್ಲಾಂಗಿನವನೇ, ಎಲ್ಲರನ್ನೂ ತಬ್ಬಿಕೊಂಡು, ಇಲ್ಲಿನವರಂತೆ ಮಾತಿಗೊಂದು ‘ಲಾ’ ಸೇರಿಸಿ ಮಾತಾಡುವ ದಪ್ಪ ಮನುಷ್ಯ.

“ಡಾಕ್ಟರ್, ನೇರ ಹೇಳ್ತೀನಿ ಲಾ. ನಿನ್ನ ತೋಳಿಗೆ ಇದೇ ಕೊನೇ ವರ್ಷ. ಆದ್ರೆ ಬುಲ್‌ಪೆನ್‌ಗೆ ಒಬ್ಬ ಕೋಚ್ ಬೇಕು. ಈ ಸೀಸನ್ ಚೆನ್ನಾಗಿ ಮುಗಿಸು, ಆ ಕೆಲಸ ನಿಂದು. ಹೊಡೆಸ್ಕೊಂಡ್ರೆ ಮಾತ್ರ ನನ್ನನ್ನ ಏನೂ ಕೇಳ್ಬೇಡ.”

ಚೆನ್ನಾಗಿ ಮುಗಿಸುವುದು ಹೇಗೆ? ಉಳಿದವರು ಹೇಗೆ ಮುಗಿಸುತ್ತಾರೆಂದು ಅವನಿಗೆ ಗೊತ್ತಿತ್ತು. ಬೆರಳಿಗೆ ಅಂಟು ಸವರಿದರೆ ಚೆಂಡು ಬೆರಳು ಬಿಡುವಾಗ ಜಾಸ್ತಿ ಸುತ್ತುತ್ತದೆ, ಹೊಡೆಯುವವನ ಮುಂದೆ ಬಂದು ಥಟ್ಟನೆ ಕೆಳಗಿಳಿಯುತ್ತದೆ. ನಿಯಮದ ಪ್ರಕಾರ ತಪ್ಪು. ಸಕ್ಕರೆ ಪಾನೀಯ, ಬಿಸಿಲಿನ ಕ್ರೀಮು, ಕೂದಲಿನ ಜೆಲ್ಲು ಕಲಸಿ ಅದಕ್ಕೆ ಉಗುಳಿ ಅಂಟು ಮಾಡುವವರನ್ನು ಅವನು ಕಂಡಿದ್ದ. ಅದನ್ನು ನೆನೆದರೆ ವಾಕರಿಕೆ ಬರುತ್ತಿತ್ತು.

ಆ ತಿಂಗಳೇ ನಿಲಾಯಿಯ ಮನೆಯ ಹಿಂದಿನ ಮರದಿಂದ ಹಲಸು ಇಳಿಸಿದರು. ಸರೋಜಿನಿ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಪೇಪರ್ ಹಾಸಿ ಕೂತರು. ಹಣ್ಣಿನ ನಡುವಿನಿಂದ ಒಸರುವ ಬಿಳಿ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಸಹಾಯಕ್ಕೆ ಕೂತ ಜಯಕರ ಎಣ್ಣೆ ಹಚ್ಚಿಕೊಳ್ಳಲು ಮರೆತಿದ್ದ. ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡವು. ಅವನು ಅವನ್ನು ಬಿಡಿಸಿ ನೋಡಿದ, ಕೂಡಿಸಿ ನೋಡಿದ. ಎದ್ದು ಹೋಗಿ ಚೆಂಡು ತಂದು ಹಿತ್ತಲಿನ ಗೋಡೆಗೆ ಎಸೆದ. ಐದು ವರ್ಷದ ಹಿಂದೆ ಎಸೆಯುತ್ತಿದ್ದಂಥ ಚೆಂಡು ಅವನ ಕೈಯಿಂದ ಹೊರಟಿತು.

“ಎಂತ ಮಾರಾಯ, ಹಣ್ಣು ಬಿಡಿಸು ಅಂದ್ರೆ ಚೆಂಡಾಟವಾ?” ಎಂದರು ಸರೋಜಿನಿ.

“ಅಮ್ಮಾ, ಆ ಮೇಣ ಬಿಸಾಡ್ಬೇಡಿ. ನಂಗೆ ಬೇಕು.”

“ಎಂತಕ್ಕೆ?”

“ಗ್ಲೌಸಿನ ಚರ್ಮ ಬಿರುಕು ಬಿಟ್ಟಿದೆ. ಮೆತ್ತಲಿಕ್ಕೆ.”

“ಹೌದಾ! ನನ್ನಜ್ಜಿ ಮಡಕೆ ಸೋರಿದ್ರೆ ಇದನ್ನೇ ಮೆತ್ತುದು. ನಿಮ್ಮ ಆಟಕ್ಕೂ ಬರ್ತದಲ್ಲ!” ಅವರು ಖುಷಿಯಿಂದ ಇನ್ನೊಂದು ಕಡ್ಡಿ ತಂದರು. ಆಮೇಲೆ ಪ್ರತಿ ಹಣ್ಣಿನ ಮೇಣವನ್ನೂ ಉಂಡೆ ಕಟ್ಟಿ, ಬಾಳೆಲೆ ಸುತ್ತಿ, ಫ್ರಿಜ್ಜಿನಲ್ಲಿ ಮಗನಿಗಾಗಿ ಎತ್ತಿಡತೊಡಗಿದರು.

ಎಂಜಲಾಗಿದ್ದರೆ ಅವನು ಮುಟ್ಟುತ್ತಿರಲಿಲ್ಲ. ಇದು ಎಂಜಲಲ್ಲ. ತಾಯಿಯ ಅಡುಗೆಮನೆಯದು, ಹಣ್ಣಿನದು, ದೇವರ ನೈವೇದ್ಯಕ್ಕಿಡುವ ಹಣ್ಣಿನದು. ಅವನ ಮನಸ್ಸಿನಲ್ಲಿ ಕೊಳಕು ಎನ್ನುವುದಕ್ಕೆ ಒಂದೇ ಬಾಗಿಲಿತ್ತು. ಅದನ್ನು ಅವನು ಮೂವತ್ತು ವರ್ಷ ಕಾವಲು ಕಾದಿದ್ದ. ಮೇಣ ಬಂದದ್ದು ಆ ಬಾಗಿಲಿನಿಂದಲ್ಲ.

ಆಟದ ದಿನ ಗ್ಲೌಸಿನ ಒಳಮಣಿಕಟ್ಟಿನಲ್ಲಿ ಕಡಲೆಕಾಳಿನಷ್ಟು ಮೇಣ ಮೆತ್ತಿಕೊಳ್ಳುತ್ತಿದ್ದ. ಪ್ರತಿ ಸರದಿ ಮುಗಿದು ಹೊರಡುವಾಗ ಅಂಪೈರ್ ಎಸೆಯುವವನ ಕೈ ಹಿಡಿದು ಅಂಟು ನೋಡುವ ಪದ್ಧತಿ. ಅದಕ್ಕೂ ಮನೆಯಲ್ಲೇ ಉಪಾಯವಿತ್ತು. ಹಲಸಿನ ಮೇಣ ಸಾಬೂನಿಗೆ ಹೋಗುವುದಿಲ್ಲ, ತೆಂಗಿನೆಣ್ಣೆಗೆ ಹೋಗುತ್ತದೆ. ಜಯಕರ ಆಟಕ್ಕೆ ಮುಂಚೆ ಹಿಂದಲೆಗೆ ಎಣ್ಣೆ ಬಳಿದುಕೊಳ್ಳುತ್ತಿದ್ದ. ಸರದಿ ಮುಗಿದೊಡನೆ ಟೋಪಿ ತೆಗೆದು, ಬೆವರು ಒರೆಸುವವನಂತೆ ಹಿಂದಲೆ ಸವರಿ, ಕೈಯನ್ನು ಪ್ಯಾಂಟಿಗೆ ಉಜ್ಜಿ ಮುಂದೆ ಚಾಚುತ್ತಿದ್ದ.

“ವಾಹ್ ಅಂಕಲ್, ಎವ್ರಿಡೇ ಕೊಕೊನಟ್ ಆಯಿಲ್ ಆಹ್?” ಅಂಪೈರ್ ಮೂಗು ಮುರಿಯುತ್ತಿದ್ದ.

“ಅಮ್ಮನ ಆರ್ಡರ್ ಲಾ,” ಎನ್ನುತ್ತಿದ್ದ ಜಯಕರ. ಇಬ್ಬರೂ ನಗುತ್ತಿದ್ದರು.

ಮೇ ತಿಂಗಳಿನಿಂದ ಆಗಸ್ಟಿನವರೆಗೆ ಅವನ ಚೆಂಡನ್ನು ಹೊಡೆಯಬಲ್ಲವರೇ ಇರಲಿಲ್ಲ. ಫೋನು ಹೊಡೆದುಕೊಂಡರೆ ಈಗ ಅದು ಅವನಿಗೇ, ಮತ್ತು ನಿಜವಾಗಿ ಮೈದಾನಕ್ಕೆ. ಬೇಲಿಯ ಬಾಗಿಲು ತೆರೆದು ಅವನು ನಡೆದುಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಅವನಿಗೆ ಅದು ಇಷ್ಟವಾಯಿತು. ಎಷ್ಟು ಇಷ್ಟವಾಯಿತೆಂದರೆ, ಒಂದು ಸಂಜೆ ಆಟದಿಂದ ಬಂದವನು ಕೈ ಒರೆಸುವುದನ್ನೂ ಮರೆತು, ಎಣ್ಣೆ ಸರಿಯಾಗಿ ಮುಟ್ಟದ ಕೈಯಲ್ಲೇ ಮಗಳು ಅನನ್ಯಳ ತಲೆ ನೇವರಿಸಿದ. ಒಂದು ಹಿಡಿ ಕೂದಲು ಅಂಗೈಗೆ ಅಂಟಿಕೊಂಡಿತು.

“ಅಪ್ಪಾ, ಡೋಂಟ್ ಟಚ್! ಸೋ ಡಿಸ್ಗಸ್ಟಿಂಗ್!” ಮಗು ಕಿರುಚಿತು.

“ಏನ್ರೀ ಇದು? ಮಗೂ ಕೂದ್ಲೆಲ್ಲಾ ಹಾಳ್ಮಾಡಿದ್ರಲ್ಲ!” ಹೆಂಡತಿ ಭವ್ಯಶ್ರೀ ಲ್ಯಾಪ್‌ಟಾಪ್ ಬಿಟ್ಟು ಎದ್ದುಬಂದಳು. ಎಣ್ಣೆ ತರುವಷ್ಟರಲ್ಲಿ ಕೂದಲು ಗಂಟುಗಂಟಾಗಿ, ಕತ್ತರಿಸಬೇಕಾಯಿತು. ಜಯಕರ ಸಿಂಕಿನ ಮುಂದೆ ನಿಂತು, ಬೆರಳಿಗೆ ಮೆತ್ತಿದ ಮೇಣ, ಮಣ್ಣು, ಮಗಳ ಕೂದಲು ಎಲ್ಲವನ್ನೂ ನೋಡಿದ. ಎಣ್ಣೆಯ ಬಾಟಲಿ ತೆಗೆದು ಕೈಗೆ ಸುರಿದುಕೊಂಡ.

ಸೆಪ್ಟೆಂಬರಿನ ಸೆಮಿಫೈನಲ್ ಕ್ಲಾಂಗಿನಲ್ಲೇ ಇತ್ತು, ಜೊಹೊರ್ ತಂಡದ ಮೇಲೆ. ಎಂಟನೇ ಸರದಿಯಲ್ಲಿ ಎರಡು ಔಟಾಗಿತ್ತು, ಇನ್ನೊಂದಾದರೆ ಸರದಿ ಮುಗಿಯುತ್ತಿತ್ತು, ಕ್ರೇನ್ಸ್ ಒಂದು ರನ್ ಮುಂದಿತ್ತು. ಹೊಡೆಯಲು ಬಂದವನು ಹಾಫಿಜ್, ಇಪ್ಪತ್ತೆರಡರ ಹುಡುಗ, ಲೀಗಿಗೆ ಆ ವರ್ಷವೇ ಬಂದವನು. ಎರಡು ಸ್ಟ್ರೈಕ್ ಆದವು, ಮೂರಾದರೆ ಔಟ್. ಮೂರನೆಯದಕ್ಕೆ ಜಯಕರ ಎಸೆದ ಚೆಂಡು ಹುಡುಗನ ಮೊಣಕಾಲಿನ ಹತ್ತಿರ ತಲೆತಗ್ಗಿಸಿ ಇಳಿಯಿತು. ಹಾಫಿಜ್ ಅಲ್ಲಾಡಲಿಲ್ಲ. ಮುಗಿಯಿತು ಎಂದುಕೊಂಡ ಜಯಕರ ಚೆಂಡು ಎಸೆಯುವ ದಿಬ್ಬದಿಂದ ಇಳಿದು ಎರಡು ಹೆಜ್ಜೆ ನಡೆದ. ಟೋಪಿ ತೆಗೆದ. ಹಿಂದಲೆ ಸವರಿಕೊಂಡ.

“ಬಾಲ್!” ಎಂದ ಅಂಪೈರ್. ಅದು ಸ್ಟ್ರೈಕ್ ಅಲ್ಲವಂತೆ. ಸರದಿ ಮುಗಿದಿರಲಿಲ್ಲ.

ಜಯಕರ ತಿರುಗಿ ದಿಬ್ಬ ಹತ್ತಿದ. ಬೆರಳುಗಳು ಎಣ್ಣೆಯಿಂದ ಮಿನುಗುತ್ತಿದ್ದವು. ಮಣಿಕಟ್ಟಿನ ಮೇಣ ಮುಟ್ಟಿದ. ಎಣ್ಣೆಗೈಗೆ ಮೇಣ ಹಿಡಿಯುವುದಿಲ್ಲವೆಂಬುದು ಹಲಸು ಕೊಯ್ಯುವ ಮನೆಯ ಮಗುವಿಗೂ ಗೊತ್ತು. ಪ್ಯಾಂಟಿಗೆ ಉಜ್ಜಿದ. ಹೋಗಲಿಲ್ಲ. ಕಿಸೆಯಲ್ಲಿ ಟಿಶ್ಯೂ ಇತ್ತು. ಕೈ ಎತ್ತಿ, ತಡೆಯಿರಿ, ಕೈ ಒರೆಸಿಕೊಳ್ಳುತ್ತೇನೆ ಎಂದರೆ ಸಾಕಿತ್ತು. ಆದರೆ ಆಟದ ನಡುವೆ ಎಣ್ಣೆ ಒರೆಸಿಕೊಳ್ಳುವವನ ಕೈಯನ್ನು ಅಂಪೈರ್ ಬಂದು ಹಿಡಿಯುತ್ತಾನೆ, ಗ್ಲೌಸು ತೆಗೆ ಎನ್ನುತ್ತಾನೆ. ಕೋಚ್ ಕೆಲಸ ಅಲ್ಲಿಗೆ ಮುಗಿಯಿತು. ಇಷ್ಟೂ ಅವನ ತಲೆಯಲ್ಲಿ ಹಾದುಹೋಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಒಂದೇ ಚೆಂಡು ತಾನೆ ಎಂದುಕೊಂಡು ಎಸೆದ.

ಚೆಂಡು ಬೆರಳಿನಿಂದ ಮೀನಿನಂತೆ ಜಾರಿ, ಹೋಗಬೇಕಾದ ಕಡೆ ಹೋಗದೆ ಮೇಲಕ್ಕೆ, ಒಳಕ್ಕೆ ನುಗ್ಗಿತು. ಹಾಫಿಜ್‌ನ ಕೆನ್ನೆಗೆ ಬಡಿದ ಸದ್ದು ಬುಲ್‌ಪೆನ್ ತಗಡಿಗೂ ಕೇಳಿಸಿತೆಂದು ಆಮೇಲೆ ಹೇಳಿದರು. ಹುಡುಗ ಮಂಡಿಯೂರಿ ಕೂತ. ಬಾಯಿಂದ ರಕ್ತದ ಜೊತೆ ಎರಡು ಹಲ್ಲು ಉಗುಳಿದ. ಹನ್ನೊಂದು ವರ್ಷದಲ್ಲಿ ಅಂಥ ಉಗುಳನ್ನು ಜಯಕರ ನೋಡಿರಲಿಲ್ಲ. ಮೊದಲ ಸಲ ಅವನಿಗೆ ಅದರ ಬಗ್ಗೆ ಹೇಸಿಗೆಯಾಗಲಿಲ್ಲ. ಹೇಸಿಗೆ ಬೇರೆ ಕಡೆ ತಿರುಗಿತ್ತು.

ಅಂಪೈರ್ ಬಂದು ಅವನ ಕೈ ಮುಟ್ಟಿದ. ಅಂಟಿಲ್ಲ. “ಬೆವರು ಲಾ, ಏನ್ ಸೆಕೆ,” ಎಂದು ಬೆನ್ನು ತಟ್ಟಿದ. ಗ್ಲೌಸು ಕೇಳಲೇ ಇಲ್ಲ. ಆಟ ಮುಂದುವರಿಯಿತು. ಕ್ರೇನ್ಸ್ ಗೆದ್ದಿತು.

ಮರುದಿನ ಅವನು ಆಸ್ಪತ್ರೆಗೆ ಹೋದ. ಹಾಫಿಜ್‌ನ ದವಡೆಗೆ ತಂತಿ ಬಿಗಿದಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. ಮಾತಾಡುವಂತಿರಲಿಲ್ಲ. ಜಯಕರನನ್ನು ಕಂಡು ಎದ್ದು ಕೂತು ಕೈಚಾಚಿದ. ಫೋನಿನಲ್ಲಿ ಬರೆದು ತೋರಿಸಿದ: “ಸ್ಲಿಪ್ ಆಹ್, ಅಬಾಂಗ್?” ಅಬಾಂಗ್ ಎಂದರೆ ಅಣ್ಣ.

“ಸ್ಲಿಪ್,” ಎಂದ ಜಯಕರ.

ಹುಡುಗ ತಲೆಯಾಡಿಸಿದ. “ಗೊತ್ತಿತ್ತು. ನೀವು ಲೀಗಲ್ಲೇ ಕ್ಲೀನ್ ಮನುಷ್ಯ. ಎಲ್ಲರೂ ಹೇಳ್ತಾರೆ,” ಎಂದು ಬರೆದ. ತಾನು ತಂದ ಹಣ್ಣಿನ ಚೀಲವನ್ನು ಈ ಬಾಯಿ ತಿನ್ನಲಾರದೆಂದು ಜಯಕರನಿಗೆ ಆಗ ಹೊಳೆಯಿತು. ಅವನು ಆಡಿದ ಒಂದೇ ಮಾತು ಸುಳ್ಳಾಗಿರಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಆ ಸತ್ಯವೇ ನಾಲಿಗೆಯ ಮೇಲೆ ಹಳಸಿದ ಅನ್ನದ ಹಾಗೆ ಕೂತಿತ್ತು.

ಮನೆಯಲ್ಲಿ ಸರೋಜಿನಿ ಊಟಕ್ಕೆ ಬಡಿಸಲಿಲ್ಲ. ಅವರ ಮುಂದೆ ಮೇಜಿನ ಮೇಲೆ ಫೋನಿತ್ತು, ಆಟದ ವಿಡಿಯೋ ನಿಂತಿತ್ತು. ಪರದೆಯಲ್ಲಿ ಜಯಕರ ಟೋಪಿ ತೆಗೆದು ಹಿಂದಲೆ ಸವರಿಕೊಳ್ಳುತ್ತಿದ್ದ. ಪಕ್ಕದಲ್ಲಿ ಬಾಳೆಲೆ ಸುತ್ತಿದ ಉಂಡೆಗಳು, ಏಳೋ ಎಂಟೋ, ಫ್ರಿಜ್ಜಿನಿಂದ ಹೊರಗೆ ಬಂದು ಬೆವರುತ್ತಿದ್ದವು.

“ಗ್ಲೌಸು ಎಷ್ಟು ಸಲ ಬಿರುಕು ಬಿಡ್ತದೆ ಮಗಾ?”

ಜಯಕರ ಒಂದು ಉಂಡೆ ಎತ್ತಿ ಮತ್ತೆ ಮೇಜಿನ ಮೇಲಿಟ್ಟ.

“ಮೇಣದ ಕೈ ತಲೆಗೆ ಒರೆಸುದು ಎಂತಕ್ಕೆ ಅಂತ ನಂಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಅರುವತ್ತು ವರ್ಷದಿಂದ ಹಲಸು ಕೊಯ್ತಿದ್ದೇನೆ ನಾನು. ಆ ಹುಡುಗನ ಮುಖಕ್ಕೆ ಬಿದ್ದದ್ದು ನನ್ನ ಎಣ್ಣೆ ಅಲ್ವಾ?”

“ಬೇರೆಯವ್ರೆಲ್ಲ ಉಗುಳು ಹಚ್ತಾರೆ ಅಮ್ಮ. ನಾನು ಒಂದು ದಿನಾನೂ ಹಚ್ಚಲಿಲ್ಲ.”

ಸರೋಜಿನಿ ಮಗನನ್ನು ಹೊಸಬನನ್ನು ನೋಡಿದಂತೆ ನೋಡಿದರು. “ಉಗುಳು ಆಗಿದ್ರೆ ತೊಳೀಲಿಕ್ಕಾದ್ರೂ ಆಗ್ತಿತ್ತು,” ಎಂದು ಉಂಡೆಗಳನ್ನು ಒಂದೊಂದಾಗಿ ಕಸದ ಚೀಲಕ್ಕೆ ಹಾಕಿದರು. ಕೊನೆಯದು ಅವರ ಬೆರಳಿಗೆ ಅಂಟಿಕೊಂಡಿತು. ಎಣ್ಣೆಯ ಬಾಟಲಿಗೆ ಕೈಚಾಚಿದವರು ಅರ್ಧಕ್ಕೆ ನಿಲ್ಲಿಸಿ, ಹಾಗೇ ಎದ್ದುಹೋದರು.

ಸೋಮವಾರ ಬೆಳಿಗ್ಗೆ ಜಯಕರ ಕೋಚ್ ಲಿಮ್‌ನ ಮುಂದೆ ಗ್ಲೌಸು ಇಟ್ಟು, ಮಣಿಕಟ್ಟಿನ ಒಳಭಾಗ ತೆರೆದು ತೋರಿಸಿದ. ಮೇಣವನ್ನೂ ಎಣ್ಣೆಯನ್ನೂ ಒಂದೂ ಬಿಡದೆ ಹೇಳಿದ. ಲಿಮ್ ಕುವಾಚಿ ಜಗಿಯುತ್ತಲೇ ಕೇಳಿದ. ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳಿದ.

“ಮೇ ತಿಂಗಳಿಂದ ಗೊತ್ತು ಲಾ, ಡಾಕ್ಟರ್. ಮೂವತ್ತಾರರ ತೋಳು ಸುಮ್ಮಸುಮ್ಮನೆ ಇಪ್ಪತ್ತೈದರದ್ದಾಗುತ್ತಾ? ಏನು ಅಂತ ಮಾತ್ರ ಗೊತ್ತಿರ್ಲಿಲ್ಲ. ನಂಕಾ ಹಣ್ಣು!” ಅವನು ಹಲಸಿನ ಮಲಯ ಹೆಸರು ಹೇಳಿ ಹೊಟ್ಟೆ ಕುಲುಕಿಸಿ ನಕ್ಕ. “ಅಂಪೈರ್ ಮೂಗಿನ ಮುಂದೇನೇ! ಜೀನಿಯಸ್ ಲಾ ನೀನು.”

“ಆ ಹುಡುಗನ ದವಡೆ ಮುರಿದಿದೆ, ಕೋಚ್.”

“ಅಯ್ಯೋ, ಆಟ ಅಂದ್ಮೇಲೆ ಆಗುತ್ತೆ. ಇನ್ನೊಬ್ಬರ ಹತ್ರ ಹೇಳ್ಬೇಡ, ಅಷ್ಟೆ. ಕಾಗದ ರೆಡಿ ಇದೆ, ಸೈನ್ ಹಾಕು. ಜನವರಿಯಿಂದ ಬುಲ್‌ಪೆನ್ ನಿಂದು. ನಮ್ಮ ಆರು ಜನ ಎಸೆಯೋರಿಗೂ ಇದನ್ನೇ ಕಲಿಸು. ಯಾವಾಗ ಎಣ್ಣೆ, ಯಾವಾಗ ಮೇಣ, ಎಲ್ಲ ನೀಟಾಗಿ. ನಿನ್ನ ತೋಳಿಗಾಗಿ ಈ ಕೆಲಸ ಕೊಡ್ತಿದೀನಿ ಅಂದ್ಕೊಂಡ್ಯಾ?”

ಲಿಮ್ ಬೆರಳು ನೆಕ್ಕಿ, ಕಾಗದದ ಕಟ್ಟಿನ ಮೇಲಿನ ಹಾಳೆಗಳನ್ನು ಮಗುಚಿ, ಸಹಿ ಹಾಕುವ ಜಾಗ ತೋರಿಸಿದ. ಹಾಳೆಯ ಮೂಲೆಯಲ್ಲಿ ಒದ್ದೆಯ ಗುರುತು ಮೂಡಿ ನಿಧಾನವಾಗಿ ಆರತೊಡಗಿತು. ಬೇರೆ ದಿನವಾಗಿದ್ದರೆ ಜಯಕರ ಆ ಗುರುತನ್ನು ನೋಡಿಯೇ ಹಿಂದೆ ಸರಿಯುತ್ತಿದ್ದ. ಈಗ ಅದರತ್ತ ನೋಡಿದರೂ ಏನೂ ಆಗಲಿಲ್ಲ. ಕೆಳಗಿನ ಅಕ್ಷರಗಳನ್ನು ಓದಿದಾಗ ಹೊಟ್ಟೆ ತೊಳಸಿತು: ಅವನ ಹೆಸರು, ಅದರ ಮುಂದೆ ಅವನು ಏಪ್ರಿಲ್‌ನಿಂದ ಬಯಸಿದ ಹುದ್ದೆ. ಅವನು ಪೆನ್ನು ಮುಟ್ಟದೆ ಎದ್ದ.

“ಯೋಚನೆ ಮಾಡು ಲಾ! ಬೇರೆ ಏನ್ ಬರುತ್ತೆ ನಿಂಗೆ?” ಲಿಮ್ ಹಿಂದಿನಿಂದ ಕೂಗಿದ. ಪ್ರಶ್ನೆ ನ್ಯಾಯವಾದದ್ದೇ.

ಅಲ್ಲಿಂದ ಅವನು ನೇರ ಆಸ್ಪತ್ರೆಗೆ ಹೋದ. ಹಾಫಿಜ್‌ನ ತಾಯಿ ಸ್ಟ್ರಾ ಹಾಕಿದ ಗಂಜಿಯ ಲೋಟ ಹಿಡಿದು ಕೂತಿದ್ದವರು, ಅವನನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಹುಡುಗ ಮತ್ತೆ ಕೈ ಚಾಚಿದ. ಜಯಕರ ಹಿಡಿದುಕೊಂಡ. ಬಿಡಲಿಲ್ಲ. ಹಿಡಿದುಕೊಂಡೇ, ಮಲಯ ಭಾಷೆಯಲ್ಲಿ, ಇಬ್ಬರಿಗೂ ಅರ್ಥವಾಗುವಂತೆ, ನಿಧಾನವಾಗಿ ಹೇಳಿದ. ಮೇಣ ಹಚ್ಚುತ್ತಿದ್ದೆ. ಅದನ್ನು ಬಿಡಿಸಲು ಎಣ್ಣೆ ಹಚ್ಚುತ್ತಿದ್ದೆ. ಆ ಚೆಂಡು ಎಸೆಯುವ ಮೊದಲೇ ಕೈ ಜಾರುತ್ತದೆಂದು ಗೊತ್ತಿತ್ತು. ಕಿಸೆಯಲ್ಲಿ ಟಿಶ್ಯೂ ಇತ್ತು. ಲೀಗಿನವರಿಗೆ ಇದನ್ನೆಲ್ಲ ಇವತ್ತೇ ಬರೆದು ಕೊಡುತ್ತೇನೆ. ಆದರೆ ಮೊದಲು ನಿನಗೆ ಹೇಳಬೇಕಿತ್ತು.

ತಾಯಿ ಗಂಜಿಯ ಲೋಟವನ್ನು ಮೇಜಿನ ಮೇಲಿಟ್ಟರು. ಹಾಫಿಜ್ ತೆರೆದಿದ್ದ ಒಂದೇ ಕಣ್ಣಿನಿಂದ ಅವನನ್ನು ನೋಡಿದ. ಫೋನು ಎತ್ತಿಕೊಳ್ಳಲಿಲ್ಲ. ತನ್ನ ಕೈಯನ್ನು ಮೆಲ್ಲಗೆ, ಆದರೆ ಪೂರ್ತಿಯಾಗಿ, ಜಯಕರನ ಕೈಯಿಂದ ಎಳೆದುಕೊಂಡ. ಮುಖ ಗೋಡೆಯ ಕಡೆ ತಿರುಗಿಸಿದ. ಆಮೇಲೆ ಆ ಕೈಯನ್ನು ಬಿಳಿ ಹೊದಿಕೆಗೆ ಉಜ್ಜತೊಡಗಿದ: ಮೊದಲು ಅಂಗೈ, ನಂತರ ಹೆಬ್ಬೆರಳು, ನಂತರ ಉಳಿದ ಬೆರಳುಗಳು ಒಂದೊಂದಾಗಿ, ಸಂದುಸಂದನ್ನೂ ಬಿಡದೆ.

ಆ ಒರೆಸುವಿಕೆಯ ಕ್ರಮ ಜಯಕರನಿಗೆ ಚೆನ್ನಾಗಿ ಗೊತ್ತಿತ್ತು. ಅದು ಮುಗಿಯುವವರೆಗೂ ಅವನು ನಿಂತೇ ಇದ್ದ.